ಪರೋಕ್ಷವಿನಯ: ಕಲ್ಲಿಗೆ ಬಂದ ಅಪ್ಪ, ಬಾರದೆ ಹೋದ ಅಜ್ಜ

ನಮ್ಮ ಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕಣ್ಣೆದುರಿಗೆ ಇಲ್ಲದವರಿಗೆ, ಅಂದರೆ ತೀರಿಕೊಂಡವರಿಗೆ ತೋರಿಸುವ ಗೌರವ ಎಂದು ಅದರ ಅರ್ಥ. ಬದುಕಿರುವವರ ಮುಂದೆ ತಲೆಬಾಗುವುದು ಸುಲಭ. ಅದರಿಂದ ಏನಾದರೂ ಸಿಗಬಹುದು. ಹೋದವರಿಂದ ಸಿಗುವುದು ಏನೂ ಇಲ್ಲ. ಆದರೂ ಮಗನೊಬ್ಬ ಅಪ್ಪನ ಹೆಸರಿನಲ್ಲಿ ಬಸದಿ ಕಟ್ಟಿಸುತ್ತಾನೆ, ಗಂಡನೊಬ್ಬ ಹೆಂಡತಿಯ ಹೆಸರಿನಲ್ಲಿ ನಿಸಿದಿ ನಿಲ್ಲಿಸುತ್ತಾನೆ, ಶಿಷ್ಯರು ಗುರುವಿನ ಹೆಸರಿನಲ್ಲಿ ಕಾವ್ಯ ಬರೆಸುತ್ತಾರೆ. ನಾನು ಸ್ಮಾರಕ ಶಾಸನಗಳನ್ನು ಓದುತ್ತಿರುವ ಈ ವರ್ಷಗಳಲ್ಲಿ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಒಂದೇ: ಒಬ್ಬ ಮನುಷ್ಯ ಸತ್ತ ಮೇಲೆ ಅವನ ಬಗ್ಗೆ ಏನನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರು ಯಾರು?

ಹೊಯ್ಸಳರ ಕಾಲದ ಒಂದೇ ಮನೆಯನ್ನು ನೋಡೋಣ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಬಿಡಿಸಿಕೊಂಡವನು. ಶ್ರವಣಬೆಳಗೊಳದ ಗೊಮ್ಮಟನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು. ಯುದ್ಧಗಳ ಲೆಕ್ಕ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಚಿಕ್ಕಬೆಟ್ಟವನ್ನು ಹತ್ತಿದರೆ ಕಾಣುವ ಗಂಗರಾಜ ಬೇರೆ. ಅಲ್ಲಿನ ಕತ್ತಲೆ ಬಸದಿ ಅವನು ತಾಯಿ ಪೋಚವ್ವೆಗಾಗಿ ಕಟ್ಟಿಸಿದ್ದು. ಎರಡುಕಟ್ಟೆ ಬಸದಿ ಅವನ ಹೆಂಡತಿ ಲಕ್ಷ್ಮಿ ಕಟ್ಟಿಸಿದ್ದು. ಆಕೆ 1121ರಲ್ಲಿ ಸಮಾಧಿಮರಣ ಹೊಂದಿದಾಗ ನಿಸಿದಿಯನ್ನು ನಿಲ್ಲಿಸಿದವನು ಗಂಗರಾಜನೇ. ಕೋಟೆಗಳನ್ನು ಗೆದ್ದ ಸೇನಾಪತಿ ಇಲ್ಲಿ ಬರಿಯ ಮಗ, ಬರಿಯ ಗಂಡ.

ಅವನು ತೀರಿಕೊಂಡ ಮೇಲೆ ಮಗ ಬೊಪ್ಪನ ಸರದಿ. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, 1133ರಲ್ಲಿ ಅವನು ಅಪ್ಪನ ನೆನಪಿಗೆ ಬಸದಿ ಕಟ್ಟಿಸಿ ‘ದ್ರೋಹಘರಟ್ಟ ಜಿನಾಲಯ’ ಎಂದು ಕರೆದ. ದ್ರೋಹಘರಟ್ಟ ಎಂಬುದು ಗಂಗರಾಜನ ಬಿರುದು. ದ್ರೋಹಿಗಳ ಪಾಲಿಗೆ ಬೀಸುಕಲ್ಲು ಎಂದು ಅರ್ಥ. ಶಾಂತಮೂರ್ತಿಯಾದ ಪಾರ್ಶ್ವನಾಥನ ಮನೆಗೆ ಇದೆಂಥ ಹೆಸರು ಎಂದು ಅನ್ನಿಸಬಹುದು. ಆದರೆ ಮಗನಿಗೆ ಅಪ್ಪ ನೆನಪಿದ್ದದ್ದು ಹಾಗೆ. ಊರೆಲ್ಲ ಕರೆಯುತ್ತಿದ್ದ ಹೆಸರನ್ನೇ ಅವನು ದೇವರ ಬಾಗಿಲಿಗೆ ತಂದು ನಿಲ್ಲಿಸಿದ.

ಮುಂದೆ ಆದದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದಾಗ ಅವನು ಆಗಷ್ಟೇ ಶತ್ರುವನ್ನು ಗೆದ್ದಿದ್ದ. ಅವನಿಗೆ ಗಂಡು ಮಗುವೂ ಹುಟ್ಟಿತ್ತು. ಸಂತೋಷದಲ್ಲಿದ್ದ ಅರಸ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನಾರಸಿಂಹ ಎಂದೂ ಹೆಸರಿಟ್ಟ. ಒಬ್ಬ ಅಪ್ಪನ ಸಾವಿಗೆಂದು ಎದ್ದ ಬಸದಿ ಇನ್ನೊಬ್ಬ ಅಪ್ಪನ ಮನೆಯಲ್ಲಿ ತೊಟ್ಟಿಲು ಕಟ್ಟಿದ ಸಂಭ್ರಮಕ್ಕೆ ಹೆಸರು ಬದಲಿಸಿಕೊಂಡಿತು. ಈಗ ಹಳೇಬೀಡಿಗೆ ಹೋದವರು ಅದನ್ನು ಪಾರ್ಶ್ವನಾಥ ಬಸದಿ ಎನ್ನುತ್ತಾರೆ, ಕನ್ನಡಿಯಂತೆ ಹೊಳೆಯುವ ಕಂಬಗಳಲ್ಲಿ ಮುಖ ನೋಡಿಕೊಂಡು ಹಿಂದಿರುಗುತ್ತಾರೆ. ಬೊಪ್ಪ ಯಾರಿಗಾಗಿ ಕಟ್ಟಿಸಿದನೋ ಆ ಹೆಸರು ಶಾಸನ ಓದುವವರ ನಾಲಗೆಯ ಮೇಲೆ ಮಾತ್ರ ಇದೆ.

ಅಜ್ಜ ಎಂಬ ಸಂಬಂಧಕ್ಕೆ ಶಾಸನಗಳಲ್ಲಿ ಇನ್ನೊಂದು ಬಗೆಯ ಬೆಲೆಯಿದೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟ. 973ರಲ್ಲೇ ರಾಜ್ಯವನ್ನು ಚಾಲುಕ್ಯ ತೈಲಪ ಕಿತ್ತುಕೊಂಡಿದ್ದ. ಇಂದ್ರನನ್ನು ಸಿಂಹಾಸನಕ್ಕೆ ಏರಿಸಲು ಹೆಣಗಿದ ಸೋದರಮಾವ, ಗಂಗರ ಮಾರಸಿಂಹ, 974ರಲ್ಲಿ ಬಂಕಾಪುರದಲ್ಲಿ ಇದೇ ವ್ರತದಿಂದ ತೀರಿಕೊಂಡಿದ್ದ. ಹೀಗೆ ಎಲ್ಲವನ್ನೂ ಕಳೆದುಕೊಂಡವನನ್ನು ಚಿಕ್ಕಬೆಟ್ಟದ ಶಾಸನ ಹೇಗೆ ಪರಿಚಯಿಸುತ್ತದೆ? ಕೃಷ್ಣರಾಜನ ಮೊಮ್ಮಗ, ಗಂಗಗಾಂಗೇಯನ ಮಗಳ ಮಗ ಎಂದು. ಮುಮ್ಮಡಿ ಕೃಷ್ಣ ಒಂದು ಕಡೆಯ ಅಜ್ಜ, ಗಂಗರ ಬೂತುಗ ಇನ್ನೊಂದು ಕಡೆಯ ಅಜ್ಜ. ತಕ್ಕೋಲದಲ್ಲಿ ಚೋಳರನ್ನು ಮುರಿದ ಇಬ್ಬರೂ ಈ ಹುಡುಗನ ಹೆಸರಿನ ಎರಡು ಬದಿಗೆ ನಿಂತಿದ್ದಾರೆ. ಅದರ ಜೊತೆಗೆ ಶಾಸನ ಬಹಳ ಅಕ್ಕರೆಯಿಂದ ವಿವರಿಸುವುದು ಕುದುರೆಯ ಮೇಲೆ ಕೂತು ಆಡುವ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು. ರಾಜ್ಯವಿಲ್ಲದ ರಾಜಕುಮಾರನಲ್ಲಿ ಉಳಿದಿದ್ದದ್ದು ಎರಡೇ, ಅಜ್ಜಂದಿರು ಮತ್ತು ಆಟ. ಅವನ್ನೇ ಕಲ್ಲಿಗೆ ಇಳಿಸಿದವರ ಮನಸ್ಸಿನಲ್ಲಿ ಬಿರುದಾವಳಿಗಿಂತ ಪ್ರೀತಿಯೇ ಹೆಚ್ಚಾಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಆದರೆ ಇಂಥ ಕಲ್ಲುಗಳನ್ನೆಲ್ಲ ಪ್ರೀತಿಯ ಸಾಕ್ಷಿಗಳು ಎಂದುಕೊಂಡರೆ ಎಡವುತ್ತೇವೆ. ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಸ್ಮಾರಕದಲ್ಲಿ ಗಂಗರ ನೀತಿಮಾರ್ಗ ಮಂಚದ ಮೇಲೆ ಸಾಯುತ್ತಿದ್ದಾನೆ. ಮಗ ಸತ್ಯವಾಕ್ಯ ಹತ್ತಿರ ನಿಂತಿದ್ದಾನೆ. ಅಪ್ಪನ ಕೊನೆಗಳಿಗೆಯನ್ನು ನೋಡುತ್ತ ನಿಂತ ಮಗನ ಇಂಥ ಚಿತ್ರ ನಮ್ಮ ಶಿಲ್ಪದಲ್ಲಿ ಅಪರೂಪ. ಅದೇ ಕಲ್ಲಿನಲ್ಲಿ ಅರಸನಿಗೆ ಆಸರೆಯಾಗಿ ಕೂತವನು ಮನೆಮಗನಂತಿದ್ದ ಅಗರಯ್ಯ. ಅವನು ಒಡೆಯನಿಗೆ ‘ಕೀಳ್ಗುಂಠೆ’ಯಾದ ಎನ್ನುತ್ತದೆ ಶಾಸನ. ಒಡೆಯ ಸತ್ತಾಗ ತಾನೂ ಸತ್ತು ಅವನ ಕೆಳಗೆ ಹೂಳಿಸಿಕೊಳ್ಳುವುದು ಎಂದು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಮಗ ಅಪ್ಪನನ್ನು ಕಳೆದುಕೊಂಡು ರಾಜ್ಯ ಪಡೆದ. ಅಗರಯ್ಯನಿಗೂ ಮಕ್ಕಳಿದ್ದರೆ, ಅವರ ಪಾಲಿಗೆ ಬಂದದ್ದೇನು?

ಈ ಪ್ರಶ್ನೆಗೆ ಒಂದಿಷ್ಟು ಉತ್ತರ ಸಾಮಾನ್ಯರ ವೀರಗಲ್ಲುಗಳಲ್ಲಿ ಸಿಗುತ್ತದೆ. ತುರು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಮಡಿದವನು, ಹುಲಿ ಹಂದಿಗಳೊಡನೆ ಹೋರಾಡಿ ಸತ್ತವನು ಇವುಗಳಲ್ಲಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ನೆತ್ತಿಯ ಮೇಲೆ ಸೂರ್ಯಚಂದ್ರರು. ನೋಡುವವರ ಕಣ್ಣು ಈ ಚಿತ್ರಗಳಲ್ಲಿ ನಿಂತುಬಿಡುತ್ತದೆ. ಬರಹವಿರುವ ಕಲ್ಲುಗಳಲ್ಲಿ ಕೆಲವೊಮ್ಮೆ ಕೊನೆಯ ಸಾಲುಗಳಲ್ಲಿ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಮಾತುಗಳು ಬರುತ್ತವೆ. ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟುಕೊಟ್ಟ ಹೊಲ ಅದು. ಹಿಂದುಳಿದ ಹೆಂಡತಿ ಮಕ್ಕಳ ಪಾಲಿಗೆ ಆ ಕಲ್ಲು ನೆನಪಿನ ಗುರುತು ಮಾತ್ರ ಆಗಿರಲಿಲ್ಲ, ಹೊಲದ ಹಕ್ಕುಪತ್ರವೂ ಆಗಿತ್ತು. ಇಂದು ಅದೇ ಕಲ್ಲುಗಳು ಎಷ್ಟೋ ಊರುಗಳಲ್ಲಿ ಬದುವಿಗೆ, ಮೋರಿಗೆ, ಬಟ್ಟೆ ಒಗೆಯುವ ಚಪ್ಪಡಿಗೆ ಸೇರಿವೆ. ಒಂದು ಕಲ್ಲು ಸವೆದರೆ ಒಬ್ಬ ಗಂಡ, ಒಬ್ಬ ಅಪ್ಪ ಇದ್ದ ಎಂಬ ಸುದ್ದಿಯೂ ಸವೆಯುತ್ತದೆ.

ಗಂಡನನ್ನು ನೆನೆಯುವ ಹೊರೆ ಹೆಂಡತಿಯ ಮೇಲೆ ಬಿದ್ದ ಬಗೆಯಂತೂ ಭಯಂಕರ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನ ದೇಕಬ್ಬೆಯದು. ಗಂಡ ಏಚ ನುಗುನಾಡಿನ ಒಡೆಯ. ಮಲ್ಲಯುದ್ಧದಲ್ಲಿ ಅರಸನ ನಂಟನೊಬ್ಬನನ್ನು ಕೊಂದದ್ದಕ್ಕೆ ತಲಕಾಡಿನಲ್ಲಿ ಅವನನ್ನು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ನಡೆದಳು. ಹೆತ್ತವರು ಬೇಡವೆಂದು ಅಂಗಲಾಚಿದ್ದನ್ನೂ ಶಾಸನ ಮುಚ್ಚಿಡುವುದಿಲ್ಲ. ಕೊನೆಗೆ ಕಲ್ಲನ್ನು ನಿಲ್ಲಿಸಿದವನು ಅವಳ ಅಪ್ಪ ರವಿಗ. ಗಂಡನ ನೆನಪಿಗೆ ಮಗಳು ಸತ್ತಳು, ಮಗಳ ನೆನಪಿಗೆ ಅಪ್ಪ ಬದುಕಿ ಉಳಿದ. ಆ ಶಾಸನದ ಹೊಗಳಿಕೆಯ ಪದ್ಯಗಳನ್ನು ಓದುವಾಗ ತಡೆಯಲಾಗದೆ ಹೋದ ಆ ಅಪ್ಪನ ಮುಖವೇ ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನೊಂದು ದಾರಿಯೂ ಇತ್ತು. ನಾಗದೇವ ತೀರಿಕೊಂಡಾಗ ಅವನ ಇಬ್ಬರು ಹೆಂಡಿರಲ್ಲಿ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು, 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಈ ಶಾಂತಿಪುರಾಣ ಹುಟ್ಟಿದ್ದೇ ಒಂದು ಪರೋಕ್ಷವಿನಯವಾಗಿ. ಅವಳ ಅಪ್ಪ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಸೇರಿ ತಮ್ಮ ಗುರು ಜಿನಚಂದ್ರರು ತೀರಿಕೊಂಡಾಗ ಬರೆಸಿದ ಕಾವ್ಯ ಅದು. ಅಪ್ಪ ಒಬ್ಬರಿಗಾಗಿ ಬರೆಸಿದ ನೆನಪನ್ನು ಮಗಳು ಸಾವಿರ ಓಲೆಗಟ್ಟುಗಳಾಗಿ ಹಂಚಿದಳು. ಗಂಡನಿಲ್ಲದ ಮನೆಯಲ್ಲಿ ಮಗನನ್ನು ಬೆಳೆಸುತ್ತ ಅವಳು ಮಾಡಿದ್ದು ಇದು. ಸತ್ತವರನ್ನು ನೆನೆಯಲು ಸಾಯಬೇಕಾಗಿಲ್ಲ ಎಂದು ಹತ್ತನೆಯ ಶತಮಾನದಲ್ಲೇ ಒಬ್ಬ ಹೆಂಗಸು ಬದುಕಿ ತೋರಿಸಿದ್ದಾಳೆ.

ಈ ಎಲ್ಲ ಕಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವ ದೊಡ್ಡ ಕೊರತೆಯೊಂದಿದೆ. ಕಲ್ಲಿಗೆ ಬರಲು ಕಾಳಗದಲ್ಲಿ ಸಾಯಬೇಕು, ವ್ರತದಿಂದ ಸಾಯಬೇಕು, ಇಲ್ಲವೇ ಅಧಿಕಾರದಲ್ಲಿರಬೇಕು. ಮಳೆ ನೋಡಿ ಬಿತ್ತಿ, ಹೆಂಡತಿಯೊಡನೆ ಜಗಳವಾಡಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿ, ಮುಪ್ಪಿನಲ್ಲಿ ತನ್ನ ಮನೆಯ ಜಗಲಿಯ ಮೇಲೆ ಕಣ್ಣು ಮುಚ್ಚಿದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ನಮ್ಮಲ್ಲಿ ಬಹುತೇಕರ ಅಜ್ಜಂದಿರು ಇಂಥವರೇ. ಶ್ರಾದ್ಧದ ಮಂತ್ರದಲ್ಲೂ ಜಾಗವಿರುವುದು ಅಪ್ಪ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗೆ. ಅದರಾಚೆಯವರು ಹೆಸರಿಲ್ಲದ ಪಿತೃಗಳು.

ಆದರೂ ಅವರಿಗೊಂದು ದಾಖಲೆ ಇದೆ. ಅದು ಎಪಿಗ್ರಾಫಿಯಾ ಕರ್ನಾಟಿಕದ ಯಾವ ಸಂಪುಟದಲ್ಲೂ ಸೇರಿಲ್ಲ. ಮಹಾಲಯ ಅಮಾವಾಸ್ಯೆಯ ಸುತ್ತಮುತ್ತ ಹಳೇ ಮೈಸೂರಿನ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಸೀರೆ, ಬಾಳೆಲೆಯ ತುಂಬ ಅಡುಗೆ. ಆ ಅಡುಗೆಯನ್ನು ಹೋದವರ ರುಚಿಗೆ ತಕ್ಕಂತೆ ಮಾಡುತ್ತಾರೆ. ಬಾಡೂಟ ಇಷ್ಟಪಡುತ್ತಿದ್ದವರಿಗೆ ಬಾಡು, ಹೋಳಿಗೆ ಇಷ್ಟಪಡುತ್ತಿದ್ದವರಿಗೆ ಹೋಳಿಗೆ, ಎಲೆಯ ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ, ಎಲೆಅಡಿಕೆ. ಬಿರುದುಗಳ ನಡುವೆ ಶಾಸನ ಬರೆದವರು ಸಾಮಾನ್ಯವಾಗಿ ಬಿಟ್ಟುಬಿಟ್ಟದ್ದನ್ನು ಇಲ್ಲಿ ಹೆಂಗಸರು ನೆನಪಿಟ್ಟುಕೊಂಡಿದ್ದಾರೆ, ಈ ಮನುಷ್ಯನಿಗೆ ಏನು ಇಷ್ಟವಿತ್ತು ಎಂಬುದನ್ನು. ಈ ಸಲ ಎಡೆ ಇಡುವಾಗ ಮನೆಯಲ್ಲಿ ಅಜ್ಜಿ ಇದ್ದರೆ ಯಾವ ಅಡುಗೆ ಯಾರಿಗೆ, ಯಾಕೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬೊಪ್ಪನಿಗೆ ಕಲ್ಲು ಬೇಕಾಯಿತು; ನಮಗೆ ಒಂದು ನೋಟ್‌ಬುಕ್ ಸಾಕು.