ಮೈಸೂರು ತಳಿಯ ರೇಷ್ಮೆ ಪತಂಗ

ತಾಂಬರಂನಿಂದ ಚೆಂಗಲ್ಪಟ್ಟಿನ ಮಾರ್ಗವಾಗಿ ರೈಲು ಕಾಂಚೀಪುರಕ್ಕೆ ಹೋಗುತ್ತದೆ. ಆ ಊರಿನ ಮಗ್ಗಗಳಿಗೆ ಕನ್ನಡ ನಾಡು ಬಹುಕಾಲದಿಂದ ಕಚ್ಚಾ ರೇಷ್ಮೆಯನ್ನು ಒದಗಿಸುತ್ತ ಬಂದಿದೆ. ಈ ನಂಟಿನ ಮೂಲದಲ್ಲಿರುವುದು ಒಂದು ಪುಟ್ಟ ಪತಂಗ.

ಮಾಸಲು ಬಿಳಿ ಬಣ್ಣ, ಗರಿಯಂತಹ ಮೀಸೆ, ದಪ್ಪ ಒಡಲು; ರೆಕ್ಕೆಗಳಿದ್ದರೂ ಅದು ಹಾರಲಾರದು. ಏನನ್ನೂ ತಿನ್ನದೆ ಕೆಲವೇ ದಿನ ಬದುಕಿ, ಕೂಡಿ, ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹುಳುವಾದರೋ ಹಿಪ್ಪುನೇರಳೆಯ ಸೊಪ್ಪನ್ನು ಮೇಯ್ದು, ರೈತರು ‘ಜ್ವರ’ವೆನ್ನುವ ನಾಲ್ಕು ಪೊರೆಬಿಡುವಿಕೆಗಳನ್ನು ದಾಟಿ, ಸುಮಾರು ನಾಲ್ಕು ವಾರಗಳಲ್ಲಿ ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ. ಇದರ ಕಾಡುಬಂಧು ಚೀನ, ಕೊರಿಯ, ಜಪಾನುಗಳಲ್ಲಿದೆ. ಇದು ಮಾತ್ರ ಮನುಷ್ಯನ ಆಶ್ರಯವಿಲ್ಲದೆ ಎಲ್ಲಿಯೂ ಬದುಕದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪರಸ್ಪರ ವೈರಿಗಳಾಗಿದ್ದ ಎರಡು ರಾಜ್ಯಶಕ್ತಿಗಳು ಈ ಹುಳುವನ್ನೇ ಬಯಸಿದವು. ಬಂಗಾಳದಿಂದ ಹುಳು ತರಲು ಟಿಪ್ಪು ಸುಲ್ತಾನನು ಕಳುಹಿಸಿದ ಬುರ್ಹಾನುದ್ದೀನ್, ಕಸ್ತೂರಿ ರಂಗ ಎಂಬವರ ಉಲ್ಲೇಖ ಅವನ 1786ರ ಪತ್ರದಲ್ಲಿದೆ. 1790ರ ಸುಮಾರಿಗೆ ಮದರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ನನೂ ಹಿಪ್ಪುನೇರಳೆ ಬೆಳೆಸಿ ಹುಳು ಸಾಕಿಸಲು ಶ್ರಮಿಸಿದನು. ಕರಾವಳಿಯ ಆ ಪ್ರಯತ್ನ ಬೇರೂರಲಿಲ್ಲ. ಮೈಸೂರಿನದು ರೈತರ ಮನೆಮನೆಯ ಕಸುಬಾಯಿತು.

ಮುಂದೆ ಗಂಟುರೋಗ ಈ ಕಸುಬನ್ನು ಕಾಡಿತು. ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದಿದ್ದರೆ ಮಾತ್ರ ಮೊಟ್ಟೆಯನ್ನು ಉಳಿಸಿಕೊಳ್ಳುವುದು ಪಾಸ್ಚರನು ತೋರಿದ ದಾರಿ. 1890ರ ದಶಕದಲ್ಲಿ ಜಮ್ಷೆಡ್ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀಯರ ನೆರವಿನಿಂದ ರೇಷ್ಮೆ ತೋಟವನ್ನು ಸ್ಥಾಪಿಸಿದರು. ಬಳಿಕ ವಿದೇಶಿ ತಳಿಗಳೊಡನೆ ಸಂಕರ ನಡೆದು, ಮಿಶ್ರತಳಿಯ ಗೂಡೇ ಮಾರುಕಟ್ಟೆಯನ್ನು ಆಳಿತು.

ಆದರೆ ಆ ಮಿಶ್ರತಳಿಗೂ ಶುದ್ಧ ಮೈಸೂರು ತಾಯಿ ಬೇಕು. ಹಸಿರು ಛಾಯೆಯ ಹಳದಿ ಗೂಡಿನ ಈ ತಳಿಯನ್ನು ಮಾಗಡಿ, ಕುಣಿಗಲ್ ಸೀಮೆಯ ಬಿತ್ತನೆ ರೈತರು ಸಾಕುತ್ತ ಬಂದಿದ್ದಾರೆ. ಇದರ ಗೂಡಿನ ನೂಲು ವಿದೇಶಿ ದ್ವಿತಳಿಯ ಅರ್ಧದಷ್ಟೂ ಉದ್ದವಿಲ್ಲ. ಹೊಸೂರಿನ ಕೇಂದ್ರ ರೇಷ್ಮೆ ತಳಿಸಂಗ್ರಹಾಲಯದಂತಹ ಸಂಸ್ಥೆಗಳು ಹಳೆಯ ತಳಿಗಳನ್ನು ಕಾಯುತ್ತಿವೆ, ನಿಜ. ಆದರೆ ವರ್ಷವಿಡೀ ಸಂತಾನ ನಡೆಸುವ ಈ ಪತಂಗದ ಮೊಟ್ಟೆ ಹತ್ತು ದಿನಗಳಲ್ಲೇ ಒಡೆಯುತ್ತದೆ. ಕಾಳಿನಂತೆ ಕಣಜದಲ್ಲಿ ತುಂಬಿಡಲಾಗದು. ವರ್ಷಕ್ಕೆ ಹಲವು ಬಾರಿ ಯಾರಾದರೂ ಸೊಪ್ಪು ಕೊಯ್ದು ಸಾಕಲೇಬೇಕು. ಶತಮಾನಗಳಿಂದ ಕೈಯಿಂದ ಕೈಗೆ ದಾಟಿ ಬಂದ ಈ ಸರಣಿ ಉಳಿಯಬೇಕಾದರೆ ಬಿತ್ತನೆ ಗೂಡಿಗೆ ರೈತನ ಶ್ರಮಕ್ಕೆ ತಕ್ಕ ಬೆಲೆ ಸಿಗಬೇಕು. ಸೀರೆಯ ಬೆಲೆಯನ್ನು ಎಣಿಸುವವರು ಈ ಲೆಕ್ಕವನ್ನೂ ನೆನೆಯುವುದು ಒಳಿತು.