ಉಪ್ಪುನೀರು ಮತ್ತು ದಾವಣಗೆರೆಯ ಮಂಡಕ್ಕಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಬೇಕಾದ ಸಾಮಗ್ರಿ ಕಡಿಮೆ: ಭತ್ತ, ಬೆಂಕಿ, ಮರಳು, ಉಪ್ಪುನೀರು. ಇವುಗಳಲ್ಲಿ ಉಪ್ಪು ಮಾತ್ರ ದೂರದಿಂದ ಬರಬೇಕಿತ್ತು. ಹೈದರಾಲಿ ಈ ಊರನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರು ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿ ಪೇಟೆ ಬೆಳೆಯಿತು. ಮಲೆನಾಡಿನ ಸಾಗರ, ನಗರ ಸೀಮೆಯ ಅಡಿಕೆ, ಮೆಣಸು ಇಲ್ಲಿನ ವರ್ತಕರ ಮೂಲಕ ಮದ್ರಾಸಿನ ಕಡೆಯ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದ್ರಾಸಿನ ಸರಕಿನ ಜೊತೆ ಉಪ್ಪು ಮರಳಿ ಬರುತ್ತಿತ್ತು. 19ನೇ ಶತಮಾನ ಮುಗಿಯುವ ಮೊದಲೇ ರೈಲು ದಾವಣಗೆರೆಯ ಮೂಲಕ ಹರಿಹರ ಮುಟ್ಟಿತು. ಮುಂದೆ ಭದ್ರಾ ನಾಲೆಯ ನೀರು ಹರಿದಾಗ ದಾವಣಗೆರೆ, ಹರಿಹರ ತಾಲ್ಲೂಕುಗಳ ಹತ್ತಿ, ಜೋಳದ ನೆಲದಲ್ಲಿ ಭತ್ತ ಹಬ್ಬಿತು.

ಭತ್ತವನ್ನು ನೆನೆಸಿ, ಬಿಸಿಗೊಡ್ಡಿ, ಒಣಗಿಸಿ, ಹೊಟ್ಟು ತೆಗೆಸಿದ ಮೇಲೆ ಆ ಅಕ್ಕಿಗೆ ಉಪ್ಪುನೀರು ಬೆರೆಸುತ್ತಾರೆ. ಪುಡಿ ಉಪ್ಪು ಎರಚಿದರೆ ಅದು ಅಕ್ಕಿಗೆ ಹಿಡಿಯದೆ ಹುರಿಯುವ ಮರಳಿನ ಪಾಲಾಗುತ್ತದೆ. ನೀರಿನಲ್ಲಿ ಉಪ್ಪಿನ ಹರಳು ಕಣ್ಣಿಗೆ ಕಾಣದ ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ ಬಿಡಿಸಿಕೊಳ್ಳುವುದರಿಂದ ಪ್ರತಿ ಕಾಳಿಗೂ ಸಮನಾಗಿ ತಗಲುತ್ತದೆ. ನೀರು ಆರಿದಾಗ ಉಪ್ಪು ಮತ್ತೆ ಉಪ್ಪಾಗಿಯೇ ಉಳಿಯುತ್ತದೆ. ಶಾಲಾ ಪುಸ್ತಕಗಳು ಇದನ್ನು ಭೌತ ಬದಲಾವಣೆ ಎನ್ನುವುದು ಈ ಕಾರಣಕ್ಕೆ.

ಕರಗುವುದಕ್ಕೂ ಮಿತಿಯುಂಟು. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪು ಕರಗಿಸಿಕೊಂಡು ಪರ್ಯಾಪ್ತವಾಗುತ್ತದೆ. ಹೆಚ್ಚಿನದು ತಳಕ್ಕೆ ಕೂರುತ್ತದೆ. ನೀರನ್ನು ಕುದಿಸಿದರೂ ಈ ಪ್ರಮಾಣ 39 ಗ್ರಾಂ ಆಸುಪಾಸಿಗಷ್ಟೇ ಏರುತ್ತದೆ. ಬಿಸಿನೀರಲ್ಲಿ ಉಪ್ಪು ಬೇಗ ಕರಗುತ್ತದೆ, ಅಷ್ಟೇನೂ ಹೆಚ್ಚು ಕರಗುವುದಿಲ್ಲ ಎನ್ನಬಹುದು. ಸಕ್ಕರೆಯ ಗುಣ ಬೇರೆ: ಕೋಣೆಯ ಉಷ್ಣತೆಯ ಅಷ್ಟೇ ನೀರಿನಲ್ಲಿ 200 ಗ್ರಾಂನಷ್ಟು ಕರಗುವ ಸಕ್ಕರೆ, ಕುದಿಯುವಾಗ 480 ಗ್ರಾಂ ದಾಟುತ್ತದೆ.

ಉಪ್ಪು ರುಚಿಗಷ್ಟೇ ಅಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳಾದ ಚಿನ್ನಸ್ವಾಮಿ ಮತ್ತು ಭಟ್ಟಾಚಾರ್ಯ 1983ರಲ್ಲಿ ಪ್ರಕಟಿಸಿದ ಅಧ್ಯಯನ, ಉಪ್ಪು ಬೆರೆತ ಅಕ್ಕಿ ಹೆಚ್ಚು ಅರಳುತ್ತದೆಂದು ತೋರಿಸಿತು. ಸುಮಾರು 250 ಡಿಗ್ರಿ ಸೆಲ್ಸಿಯಸ್‌ ಕಾದ ಮರಳಿನಲ್ಲಿ ಕಾಳಿನೊಳಗಿನ ತೇವ ಆವಿಯಾಗಿ ಉಬ್ಬಿಸಲು ಹತ್ತು ಸೆಕೆಂಡು ಸಾಕು. ಭಟ್ಟಿಯವರು ಪ್ರಯೋಗಾಲಯವಿಲ್ಲದೆ, ಕೈಹದದಿಂದಲೇ ಇದನ್ನು ಸಾಧಿಸಿಕೊಂಡಿದ್ದರೆಂಬುದು ದೊಡ್ಡ ಮಾತು. ಹೊಗೆ, ಧಗೆಗಳ ನಡುವೆ ದುಡಿದ ಬಡ ಕುಟುಂಬಗಳ ಹೆಂಗಸರು, ಮಕ್ಕಳ ಶ್ರಮವೂ ಈ ಕಸುಬಿನ ಚರಿತ್ರೆಗೆ ಸೇರಿದ್ದು.

ಮಂಡಕ್ಕಿ ಒಗ್ಗರಣೆ ಮಾಡುವಾಗ, ನೀರು ಆರಿ ಉಪ್ಪು ಉಳಿದ ಆ ಭೌತ ಬದಲಾವಣೆ ಹಿಮ್ಮುಖವಾಗುತ್ತದೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿದಾಗ ಉಪ್ಪಿನ ಒಂದು ಪಾಲು ಕರಗಿ ನೀರಿನೊಂದಿಗೆ ಹೋಗುತ್ತದೆ. ಅರಳಿದ ಕಾಳು ಮಾತ್ರ ಮತ್ತೆ ಅಕ್ಕಿಯಾಗದು. ಒಗ್ಗರಣೆಗೆ ಮತ್ತೊಮ್ಮೆ ಉಪ್ಪು ಹಾಕಬೇಕಾಗುವುದು ಹೀಗೆ ಉಪ್ಪು ನೀರಿನೊಂದಿಗೆ ಹೋಗುವುದರಿಂದಲೇ.