ಒಲೆಯ ಲೆಕ್ಕ ಹಿಡಿದ ಕಾರ್ಯದರ್ಶಿ

ಮಾಗಡಿಯಿಂದ ಪಶ್ಚಿಮಕ್ಕೆ ಹೊರಟರೆ ಸಿಗುವುದು ಕುಣಿಗಲ್ ತಾಲ್ಲೂಕು. ಅಲ್ಲಿನ ಉಂಗ್ರ ಗ್ರಾಮದ ಹೆಸರನ್ನು ನೀವು ಕೇಳಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಗ್ರಾಮೀಣ ತಂತ್ರಜ್ಞಾನ ಕಾರ್ಯಕ್ರಮವನ್ನು ಆರಂಭಿಸಿದ ವಿದ್ಯುದ್ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಕಾರ್ಯದರ್ಶಿಯೂ ಆಗಿದ್ದರು.

ಆಗ ಶಕ್ತಿಯೋಜನೆ ಎಂದರೆ ವಿದ್ಯುತ್, ಕಲ್ಲಿದ್ದಲು, ತೈಲ. ರೆಡ್ಡಿಯವರ ತಂಡ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ, ಸೌದೆಯ ಜೊತೆಗೆ ಅದನ್ನು ಹೊತ್ತು ತರುವ ಹೆಂಗಸರು, ಮಕ್ಕಳ ದುಡಿಮೆಯನ್ನೂ ಲೆಕ್ಕಕ್ಕೆ ಸೇರಿಸಿತು. ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಶೇ. 80ಕ್ಕೂ ಹೆಚ್ಚು ಸೌದೆಯದೇ! ವಿದ್ಯುತ್ತಿನ ಪಾಲು ಶೇ. 1ರ ಆಸುಪಾಸು. ಬಹುಪಾಲು ಸೌದೆ ಕೊಂಡದ್ದಲ್ಲ, ಆಯ್ದು ತಂದದ್ದು. ಹಾಗಾಗಿ ಯಾವ ಕಡತದಲ್ಲೂ ಅದು ಕಾಣುವಂತಿರಲಿಲ್ಲ. (ಭೌತವಿಜ್ಞಾನ ಕಲಿಸುವ ನಾವೂ ದಕ್ಷತೆಯ ಪಾಠಕ್ಕೆ ಉಗಿಯಂತ್ರವನ್ನೇ ಹುಡುಕುತ್ತೇವೆ, ಒಲೆಯನ್ನಲ್ಲ.) ಸೌದೆ ಉಳಿಸುವ ಅಸ್ತ್ರ ಒಲೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ.

ಪುರ ಗ್ರಾಮದಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. ಸಗಣಿಯ ಅನಿಲ ಎಲ್ಲರ ಅಡುಗೆಗೆ ಸಾಲಲಿಲ್ಲ. 1987ರಿಂದ ಅದೇ ಅನಿಲ ಎಂಜಿನ್ ನಡೆಸಿ, ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿತು.